ಗೋಮಾಳದಲ್ಲಿ ಗುಬ್ಬಿ ಗಾತ್ರದ ಹಕ್ಕಿ, ಗಂಡಿನ ಹೊಟ್ಟೆಯೆಲ್ಲ ಕಪ್ಪು. ಅದೇ ಜಾಗದಲ್ಲಿ ಗುಂಡಿ ತೋಡುವ ಪ್ರಸ್ತಾವ ಬಂದಿದೆ, ಏನು ಮಾಡಬಹುದು?

ಶೇಂಗಾ_ಹೊಲ

ಎಲ್ಲರಿಗೂ ನಮಸ್ಕಾರ. ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಸದಸ್ಯೆ. ನಮ್ಮೂರಿನ ಪಡುವಣ ದಿಕ್ಕಿಗೆ ಗೋಮಾಳ ಇದೆ. ಕೆಂಪು ಮಣ್ಣು, ನಡುನಡುವೆ ಬೆಣಚುಕಲ್ಲು, ಮೊಣಕಾಲುದ್ದದ ತಂಗಡಿ, ಬಂದರಿಕೆ, ಕಾರೆ ಗಿಡಗಳು, ಮಳೆ ಬಿದ್ದಾಗ ಏಳುವ ಹುಲ್ಲು, ಇಷ್ಟೇ. ಮರ ಅಂತ ಹೇಳೋಕೆ ಒಂದು ಜಾಲಿ, ಅಂಚಿನಲ್ಲಿ ಎರಡು ಬೇವು. ನಮ್ಮ ಶೇಂಗಾ ಹೊಲಕ್ಕೆ ಹೋಗುವ ಕಾಲುದಾರಿ ಇದರೊಳಗೇ ಹಾದು ಹೋಗುತ್ತದೆ.

ಆ ದಾರಿಯುದ್ದಕ್ಕೂ ಒಂದು ಹಕ್ಕಿ ಸಿಗುತ್ತದೆ. ಮನೆಗುಬ್ಬಿಗಿಂತ ಸ್ವಲ್ಪ ಚಿಕ್ಕದು, ಕೊಕ್ಕು ಗುಬ್ಬಿಯದ್ದರ ಹಾಗೇ ದಪ್ಪ. ಹೆಣ್ಣನ್ನು ಹೆಣ್ಣುಗುಬ್ಬಿಯ ಪಕ್ಕ ಕೂರಿಸಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ, ಪೂರಾ ಮಣ್ಣಿನ ಬಣ್ಣ. ಗಂಡು ಮಾತ್ರ ಬೇರೆ: ನೆತ್ತಿ ಬೂದಿ ಬಣ್ಣ, ಕೆನ್ನೆ ಬೆಳ್ಳಗೆ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟೆ, ಗದ್ದದಿಂದ ಹೊಟ್ಟೆಯ ಕೊನೆವರೆಗೂ ಕಡುಗಪ್ಪು. ನಾವು ಹತ್ತಿರ ಹೋದರೆ ಹಾರುವುದಿಲ್ಲ. ಕಾಲು ಮಡಿಸಿ ನೆಲಕ್ಕೆ ಅವುಚಿಕೊಂಡು ಕೂತುಬಿಡುತ್ತದೆ. ಆಗ ಹೊಟ್ಟೆಯ ಕಪ್ಪು ಮುಚ್ಚಿಹೋಗಿ ಬೆನ್ನೊಂದೇ ಕಾಣುವುದರಿಂದ, ಈಗಷ್ಟೇ ನೋಡಿದ ಹಕ್ಕಿ ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಕಾಲಬುಡದಿಂದಲೇ ಎದ್ದು, ಒಂದಷ್ಟು ದೂರ ಹಾರಿ, ಮತ್ತೆ ನೆಲಕ್ಕೇ ಇಳಿಯುತ್ತದೆ. ಗಿಡದ ಮೇಲೆ ಕೂತದ್ದನ್ನು ನಾನು ನೋಡಿಲ್ಲ.

ಭರಣಿ ಮಳೆ ಹನಿದ ಮಾರನೇ ದಿನ ನನ್ನ ಮಗಳು ದಾರಿಯ ಪಕ್ಕದಲ್ಲೇ ಗೂಡು ತೋರಿಸಿದಳು. ದನದ ಗೊರಸು ಊರಿದಷ್ಟು ತಗ್ಗು, ಒಳಗೆ ಒಣಹುಲ್ಲು, ಒಂದಿಷ್ಟು ಕುರಿಯ ಕೂದಲು, ಎರಡು ಮೊಟ್ಟೆ. ಮಾಸಲು ಬಿಳಿ, ಮೇಲೆ ಕಂದು ಚುಕ್ಕೆ. ಗೂಡಿನ ಅಂಚಿಗೆ ಕಡಲೆಕಾಳಿನ ಗಾತ್ರದ ಕಲ್ಲುಗಳನ್ನು ಜೋಡಿಸಿಟ್ಟಿತ್ತು. ತಾವಾಗಿ ಉರುಳಿ ಬಂದ ಕಲ್ಲಲ್ಲ ಅವು, ನೋಡಿದರೇ ಗೊತ್ತಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಜೂನ್ 5ರ ಪರಿಸರ ದಿನಕ್ಕೆ ಈ ಗೋಮಾಳದಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಗುಂಡಿ ತೋಡಿಸಿ, ಸಾಲು ಹಿಡಿದು ಸಸಿ ನೆಡಬೇಕೆಂಬ ಪ್ರಸ್ತಾವ ಬಂದಿದೆ. ಕ್ರಿಯಾಯೋಜನೆಯ ಹಾಳೆಯಲ್ಲಿ ಜಾಗದ ಹೆಸರಿನ ಮುಂದೆ "ಪಾಳು ಭೂಮಿ" ಅಂತ ಬರೆದಿದ್ದಾರೆ. ಸಭೆಯಲ್ಲಿ ಕೈ ಎತ್ತುವವರಲ್ಲಿ ನಾನೂ ಒಬ್ಬಳು. ಗಿಡ ನೆಡುವುದು ಬೇಡ ಅನ್ನುವ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ, ನನ್ನ ಬಾಯಲ್ಲೂ ಈವರೆಗೆ ಬಂದಿಲ್ಲ. ಆದರೆ ಆ ಗೂಡು ನೋಡಿದ ಮೇಲೆ ಸುಮ್ಮನೆ ಸಹಿ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಇದು ಯಾವ ಹಕ್ಕಿ? ಗುಂಡಿ ತೋಡಿದರೆ ಪಕ್ಕದ ಜಾಗಕ್ಕೆ ಹೋಗಿ ಬದುಕಿಕೊಳ್ಳುತ್ತದೆಯೇ? ಸಭೆಯಲ್ಲಿ ನಾನು ಹಿಡಿದು ಮಾತಾಡಬಹುದಾದ ಗಟ್ಟಿ ವಿಷಯ ಏನಾದರೂ ಇದೆಯೇ? ತಿಳಿದವರು ದಯವಿಟ್ಟು ಹೇಳಿ.

ಬಯಲು_ಕ್ಯಾಮೆರಾ

ಮೇಡಂ, ನೀವು ಹೇಳಿದ ರೀತಿ ನೋಡಿದರೆ ಹಕ್ಕಿ ಬಹುತೇಕ ಗೊತ್ತಾಯಿತು. ಖಚಿತ ಮಾಡಿಕೊಳ್ಳಲು ಕೇಳುತ್ತಿದ್ದೇನೆ. ನೆಲದ ಮೇಲೆ ಕುಪ್ಪಳಿಸುತ್ತದೋ, ನಡೆಯುತ್ತದೋ? ತಲೆಯ ಮೇಲೆ ಜುಟ್ಟು ಇದೆಯಾ? ಬಾಲ ಮೇಲೆ ಕೆಳಗೆ ಆಡಿಸುತ್ತಾ? ಬೆಳಗಿನ ಹೊತ್ತು ಗಂಡು ಮೇಲಕ್ಕೇರಿ ಕೆಳಗೆ ಧುಮುಕುವುದನ್ನು ನೋಡಿದ್ದೀರಾ?

ಶೇಂಗಾ_ಹೊಲ

ನಡೆಯುತ್ತದೆ. ಚುರುಕಾಗಿ ಒಂದಿಷ್ಟು ಓಡಿ, ನಿಂತು, ಮತ್ತೆ ಓಡುತ್ತದೆ. ಕುಪ್ಪಳಿಸಿದ್ದು ಕಂಡಿಲ್ಲ. ಜುಟ್ಟಿಲ್ಲ, ಬಾಲ ಆಡಿಸುವುದೂ ಇಲ್ಲ. ಧುಮುಕುವುದು ದಿನಾ ಇದೆ. ಮೇಲಿಂದ ಬೀಳುವಾಗ ಉದ್ದಕ್ಕೆ ಒಂದು ಸೀಟಿ ಹಾಕುತ್ತದೆ. ನನ್ನ ಮಗಳು ಅದನ್ನು ಅಣಕಿಸುತ್ತಾಳೆ.

ಬಯಲು_ಕ್ಯಾಮೆರಾ

ಹಾಗಾದರೆ ಅನುಮಾನವೇ ಇಲ್ಲ, ಇದು ಬೂದುನೆತ್ತಿಯ ನೆಲಗುಬ್ಬಿ. ವೈಜ್ಞಾನಿಕ ಹೆಸರು ಎರೆಮೊಪ್ಟೆರಿಕ್ಸ್ ಗ್ರಿಸಿಯಸ್. ನೋಡಲು ಗುಬ್ಬಿಯಾದರೂ ಕುಲ ಬೇರೆ, ಬಾನಾಡಿಗಳ, ಅಂದರೆ ಇಂಗ್ಲಿಷಿನಲ್ಲಿ ಲಾರ್ಕ್ ಅನ್ನುವ ಹಕ್ಕಿಗಳ ಕುಟುಂಬಕ್ಕೆ ಸೇರಿದ್ದು. ಅದಕ್ಕೇ ನಡೆಯುತ್ತದೆ, ಮನೆಗುಬ್ಬಿಯಾದರೆ ಕುಪ್ಪಳಿಸುತ್ತಿತ್ತು. ಜುಟ್ಟಿದ್ದಿದ್ದರೆ ಜುಟ್ಟಿನ ಬಾನಾಡಿ ಅನ್ನಬೇಕಾಗುತ್ತಿತ್ತು, ಬಾಲ ಕುಣಿಸಿದ್ದರೆ ಪಿಪಿಟ್ ಜಾತಿಯದ್ದು. ಗಂಡಿನ ಕಪ್ಪು ಹೊಟ್ಟೆಯಂತೂ ನಮ್ಮ ಕಡೆಯ ಬೇರೆ ಯಾವ ಬಾನಾಡಿಗೂ ಇಲ್ಲ.

ಉದ್ದ 12ರಿಂದ 13 ಸೆಂಟಿಮೀಟರ್. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಇಷ್ಟು ಕಡೆ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇದರ ನೆಲೆ ಇಲ್ಲ. ದಟ್ಟ ಕಾಡಿನಲ್ಲಿ, ಎತ್ತರದ ಬೆಟ್ಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೋಳು ನೆಲ, ಕುರುಚಲು, ಉತ್ತು ಬಿಟ್ಟ ಹೊಲ, ಒಣಗಿದ ಕೆರೆಯಂಗಳ ಇದರ ಜಾಗ. ಗೋಮಾಳದ ವಿಷಯ ನನಗಿಂತ ಹಗರಿ ದಂಡೆಯ ಹಿರಿಯರಿಗೆ ಚೆನ್ನಾಗಿ ಗೊತ್ತು, ಅವರು ಬರೆಯಲಿ.

ಹಗರಿ_ದಂಡೆ

ತಾಯಿ, ನಾನು ಪಶುಸಂಗೋಪನೆ ಇಲಾಖೆಯಲ್ಲಿ ಜಾನುವಾರು ಅಧಿಕಾರಿಯಾಗಿದ್ದು ನಿವೃತ್ತನಾದವನು. ಹಿರಿಯೂರು, ಚಳ್ಳಕೆರೆ ಸೀಮೆಯಲ್ಲೇ ನೌಕರಿ ಮುಗಿಯಿತು. ಕುರಿಗಳಿಗೆ ಪಿಪಿಆರ್ ಲಸಿಕೆ, ಕರುಳುಬೇನೆ ಲಸಿಕೆ ಹಾಕಬೇಕಾದರೆ ಮಂದೆ ಹಟ್ಟಿ ಬಿಡುವ ಮುಂಚೆ ಅಲ್ಲಿರಬೇಕು. ಅಂದರೆ ಬೆಳಕು ಹರಿಯುವಷ್ಟರಲ್ಲಿ ಬಯಲಿನಲ್ಲಿ ಇರಬೇಕು. ಹಾಗಾಗಿ ಈ ಹಕ್ಕಿಯನ್ನು ನಾನು ಹುಡುಕಿಕೊಂಡು ಹೋಗಲಿಲ್ಲ, ಕೆಲಸದ ದಾರಿಯಲ್ಲೇ ಅದು ಇತ್ತು. ಲಸಿಕೆ ಡಬ್ಬಿಯ ಐಸು ಕರಗುತ್ತದೆ ಅಂತ ಜೊತೆಯವರು ಅವಸರ ಮಾಡುತ್ತಿದ್ದರೂ ಇದರ ಆಟ ಮುಗಿಯುವ ತನಕ ಬೈಕು ನಿಲ್ಲಿಸಿ ನೋಡುತ್ತಿದ್ದೆ.

ಆ ಧುಮುಕಾಟವನ್ನು ನಿಮ್ಮ ಮಗಳಿಗೆ ಸರಿಯಾಗಿ ನೋಡಲು ಹೇಳಿ. ಗಂಡು ರೆಕ್ಕೆ ಪಟಪಟ ಬಡಿಯುತ್ತಾ ಹೆಚ್ಚುಕಡಿಮೆ ನೂರು ಅಡಿ ನೆಟ್ಟಗೆ ಮೇಲೇರುತ್ತದೆ. ಅಲ್ಲಿ ರೆಕ್ಕೆ ಮುಚ್ಚಿ, ತಲೆ ಕೆಳಗಾಗಿ ಬೀಳುತ್ತದೆ. ಸೀಟಿ ಬರುವುದು ಆಗಲೇ. ಬೀಳುತ್ತಾ ಬೀಳುತ್ತಾ ರೆಕ್ಕೆ ಬಿಚ್ಚಿ, ಬಿದ್ದ ಜೋರಿನಲ್ಲೇ ಉಯ್ಯಾಲೆ ಜೀಕಿದ ಹಾಗೆ ಮತ್ತೆ ಮೇಲಕ್ಕೆ ಹೋಗುತ್ತದೆ, ಮತ್ತೆ ರೆಕ್ಕೆ ಮುಚ್ಚುತ್ತದೆ. ಹೀಗೆ ಮಾಡುತ್ತಾ ಮಾಡುತ್ತಾ ಇಳಿದು, ಕೊನೆಗೆ ನೆಲ ಮುಟ್ಟಿಯೇಬಿಟ್ಟಿತು ಅನ್ನುವಷ್ಟರಲ್ಲಿ ಸಮ ಮಾಡಿಕೊಂಡು ಒಂದು ಹೆಂಟೆಯ ಮೇಲೆ ಕೂರುತ್ತದೆ. ಮರದ ತುದಿಯಲ್ಲಿ ಕೂತು ಹಾಡುವ ಹಕ್ಕಿಗೆ ಇಷ್ಟು ಶ್ರಮ ಬೇಕಿಲ್ಲ. ಇದಕ್ಕೆ ಮರವೇ ಇಲ್ಲ, ಹಾಗಾಗಿ ಹೆಣ್ಣಿಗೆ ಕಾಣಿಸಬೇಕಾದರೆ, ಇದು ನನ್ನ ಜಾಗ ಅಂತ ಪಕ್ಕದ ಗಂಡಿಗೆ ಸಾರಬೇಕಾದರೆ, ಆಕಾಶವನ್ನೇ ಬಳಸಬೇಕು. ಮೇಲೆ ಬಯಲು ಬೇಕು, ಕೆಳಗೂ ಬಯಲು ಬೇಕು.

ಗೂಡಿನ ಬಗ್ಗೆ ನೀವು ಬರೆದದ್ದು ಸರಿ. ಕಲ್ಲು ಜೋಡಿಸುವುದು ಅದರ ಪದ್ಧತಿ, ಕಲ್ಲು ಸಿಗದ ಕಡೆ ಮಣ್ಣಿನ ಉಂಡೆ ಇಡುತ್ತದೆ. ಎರಡೋ ಮೂರೋ ಮೊಟ್ಟೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೊಡುತ್ತವೆ, ಎರಡೂ ಮರಿಗೆ ಹುಳ ತಂದು ಉಣಿಸುತ್ತವೆ. 13, 14 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಮೊಟ್ಟೆಗೆ ಕಾವಿಗಿಂತ ನೆರಳು ಮುಖ್ಯ. ನಡು ಮಧ್ಯಾಹ್ನ ನೋಡಿದರೆ ಹಕ್ಕಿ ಕೂತಿರುವುದಿಲ್ಲ. ಮೊಟ್ಟೆಯ ಮೇಲೆ ನಿಂತು, ರೆಕ್ಕೆ ಅರ್ಧ ಬಿಚ್ಚಿ, ಬಾಯಿ ತೆರೆದು ಏದುತ್ತಾ ತನ್ನ ಮೈಯಿಂದಲೇ ನೆರಳು ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ನಾವು ಗೂಡಿನ ಬಳಿ ನಿಂತು ಅದನ್ನು ಎಬ್ಬಿಸಿದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಆದ್ದರಿಂದ ಮಕ್ಕಳಿಗೆ ಗೂಡು ತೋರಿಸುವುದಿದ್ದರೆ ತಂಪು ಹೊತ್ತಿನಲ್ಲಿ, ದೂರದಿಂದ ತೋರಿಸಿ.

ಮರಿಗಳು ಚೆನ್ನಾಗಿ ಹಾರಲು ಬರುವ ಮುಂಚೆಯೇ ಗೂಡು ಬಿಟ್ಟು ಹುಲ್ಲಿನ ಬುಡದಲ್ಲಿ ಅವಿತಿರುತ್ತವೆ. ಗೂಡು ಖಾಲಿ ಇದೆ ಅಂದ ಮಾತ್ರಕ್ಕೆ ಜಾಗ ಖಾಲಿ ಇದೆ ಅಂತಲ್ಲ. ನಮ್ಮ ಸೀಮೆಯಲ್ಲಿ ಬೇಸಿಗೆಗೆ ಮುಂಚಿನಿಂದ ಹಿಡಿದು ಮುಂಗಾರು ಮುಗಿಯುವ ತನಕವೂ ಇವು ಗೂಡು ಮಾಡುತ್ತವೆ. ಮೇ ಕೊನೆಯಲ್ಲಿ ಗುಂಡಿ ತೋಡುವುದೆಂದರೆ ಬಾಣಂತನದ ಮನೆ ಅಗೆದಂತೆಯೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ನಿಜವನ್ನೇ ಹೇಳುತ್ತೇನೆ, ಸಭೆಯಲ್ಲೂ ನಿಜವನ್ನೇ ಹೇಳಿ. ಇದು ಅಳಿವಿನ ಅಂಚಿನಲ್ಲಿರುವ ಹಕ್ಕಿ ಅಲ್ಲ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಚಿಂತೆ ಪಡಬೇಕಿಲ್ಲದ ಹಕ್ಕಿಗಳ ಸಾಲಿನಲ್ಲೇ ಇದೆ. ಉತ್ತ ಹೊಲದಲ್ಲೂ ಇರುತ್ತದೆ, ನಿಮ್ಮೂರ ಗೋಮಾಳ ಹೋದರೆ ಇದರ ಕುಲ ನಾಶವಾಗುವುದಿಲ್ಲ. "ಅಪರೂಪದ ಹಕ್ಕಿ ಸಿಕ್ಕಿದೆ" ಅಂತ ನೀವು ಹೇಳಿದರೆ, ಯಾರೋ ಒಬ್ಬರು ಫೋನು ತೆಗೆದು ನೋಡಿ ಸುಳ್ಳು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅಪರೂಪ ಅಲ್ಲದಿದ್ದರೆ ಉಳಿಸಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಈ ಹಕ್ಕಿ ಅಲ್ಲಿ ಗೂಡು ಕಟ್ಟಿದೆ ಅಂದರೆ ಆ ನೆಲ ಪಾಳಲ್ಲ ಅನ್ನುವುದಕ್ಕೆ ಅದು ಸಾಕ್ಷಿ. ಬೀಜ ಇದೆ, ಹುಳ ಇದೆ, ಹುಲ್ಲಿದೆ, ಹುಲ್ಲು ಮೇಯುವ ಕುರಿ ಇದೆ. ನೆಲಗುಬ್ಬಿ ಇರುವ ಜಾಗದಲ್ಲೇ ಗೌಜಲಕ್ಕಿ, ಬುರ್ಲಿ, ಟಿಟ್ಟಿಭ ಇರುತ್ತವೆ. ಮೊಲ, ನರಿ, ಉಡ ಇರುತ್ತವೆ. ಇವುಗಳಲ್ಲಿ ಕೆಲವು ನೀವು ಕಾಲಿಟ್ಟ ಕೂಡಲೇ ಕಾಣಿಸಿಕೊಳ್ಳುವುದಿಲ್ಲ, ಅಷ್ಟೇ.

ಪಕ್ಕಕ್ಕೆ ಹೋಗುತ್ತದಾ ಅಂದಿರಲ್ಲ. ಪಕ್ಕ ಅಂದರೆ ಯಾವುದು? ನಿಮ್ಮ ಹೊಲಗಳನ್ನು ಅದೇ ಜೂನು, ಜುಲೈನಲ್ಲಿ ಶೇಂಗಾಕ್ಕೆ ಹಸನು ಮಾಡುತ್ತೀರಿ. ಮೊದಲು ಎತ್ತಿನ ಕುಂಟೆ ಹೋಗುತ್ತಿತ್ತು, ಹಕ್ಕಿ ಎದ್ದರೆ ಹೊಡೆಯುವವನಿಗೆ ಕಾಣುತ್ತಿತ್ತು. ಈಗ ರೋಟವೇಟರ್. ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಏನು ಕಾಣಬೇಕು? ಹೊಲ ಹಸನಾಗುವ ಹೊತ್ತಿನಲ್ಲಿ ಗೂಡಿಗೆ ಉಳಿಯುವ ಜಾಗವೇ ಗೋಮಾಳ.

ಇನ್ನು ನೆಟ್ಟ ಮರ ದೊಡ್ಡದಾದರೆ ಅದರ ಮೇಲೆ ಕಾಗೆ ಕೂರುತ್ತದೆ. ಬಯಲಿನಲ್ಲಿ ಕಾಗೆಗೆ ಕೂರಲು ಎತ್ತರದ ಜಾಗ ಇಲ್ಲದ್ದೇ ಈ ಹಕ್ಕಿಗಿರುವ ದೊಡ್ಡ ಆಸರೆ. ನೆಲದ ಮೇಲಿನ ಗೂಡನ್ನು ಮೇಲಿಂದ ನೋಡುವವರು ಕಡಿಮೆಯಿದ್ದಷ್ಟೂ ಅದಕ್ಕೆ ಕ್ಷೇಮ.

ಹಸಿರು_ನಾಳೆ

ಹಿರಿಯರ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಚಳ್ಳಕೆರೆ ಮೊದಲೇ ಮಳೆ ಕಮ್ಮಿ ಇರುವ ತಾಲ್ಲೂಕು. ಅಲ್ಲಿ ಹಸಿರು ಹೆಚ್ಚಿಸಲು ಪಂಚಾಯ್ತಿ ಮುಂದೆ ಬಂದರೆ ನಾವು ಸಂತೋಷಪಡಬೇಕು. ನಾನು ನಮ್ಮ ಜಿಲ್ಲೆಯಲ್ಲಿ ಸಸಿ ನೆಡುವ ತಂಡದಲ್ಲಿ ಓಡಾಡುವವನು. ನೆರಳಿಲ್ಲದ ದಾರಿಯಲ್ಲಿ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ನಡೆಯುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಎಲ್ಲಾ ಕಡೆ ಇರುವ ಒಂದು ಹಕ್ಕಿಗಾಗಿ ಒಂದು ಊರಿನ ಕಾಡನ್ನೇ ಬೇಡ ಅನ್ನಬೇಕಾ? ಮರ ಬೆಳೆದರೆ ಬೇರೆ ಹಕ್ಕಿಗಳು ಬರುವುದಿಲ್ಲವಾ?

ಹಗರಿ_ದಂಡೆ

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆ ಹೆಂಗಸರು ನಡೆಯುವ ದಾರಿಯ ಎರಡೂ ಬದಿಗೆ ಬೇವು, ಹೊಂಗೆ, ಹುಣಸೆ ನೆಡಿ. ಬಸ್ಸು ನಿಲ್ಲುವ ಕಡೆ ನೆಡಿ. ಶಾಲೆ ಅಂಗಳ, ಕೆರೆ ಏರಿಯ ಕೆಳಗೆ, ಸ್ಮಶಾನ, ಸಂತೆ ಮೈದಾನ, ರೈತರು ಒಪ್ಪಿದರೆ ಹೊಲದ ಬದು, ಇಲ್ಲೆಲ್ಲ ಮರ ಬೇಕೇ ಬೇಕು, ನಾನೂ ಬಂದು ನೀರು ಹೊರುತ್ತೇನೆ. ಮರ ಇರಬೇಕಾದ್ದು ಜನ ನಿಲ್ಲುವ ಕಡೆ. ಗೋಮಾಳದ ನಡುವೆ ನೆಟ್ಟ ಗಿಡದ ನೆರಳಲ್ಲಿ ಯಾರು ಕೂರುತ್ತಾರೆ?

ಬೇರೆ ಹಕ್ಕಿ ಬರುತ್ತದೆ ಅಂದಿರಿ. ಬರುತ್ತದೆ. ಕಾಗೆ, ಗೊರವಂಕ, ಪಿಕಳಾರ ಬರುತ್ತವೆ, ಊರಲ್ಲಿ ಈಗಲೂ ಇರುವ ಹಕ್ಕಿಗಳೇ. ಬಯಲಿನವು ಹೋಗುತ್ತವೆ.

ಇದು ಊಹೆಯ ಮಾತಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಆದದ್ದು 1974ರಲ್ಲಿ, ಒಟ್ಟು 119 ಚದರ ಕಿಲೋಮೀಟರ್. ಕೃಷ್ಣಮೃಗವೂ ಬಯಲಿನ ಪ್ರಾಣಿ, ಅಲ್ಲಿದ್ದ ದೊರವಾಯನ ಹಕ್ಕಿಯೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಬಯಲಿನದ್ದು. ಆ ನೆಲದ ಬಹುಪಾಲಿನಲ್ಲಿ ನೀಲಗಿರಿ ನೆಟ್ಟರು. ಕೃಷ್ಣಮೃಗ ಹೇಗೋ ಅಕ್ಕಪಕ್ಕದ ಹೊಲಕ್ಕೆ ನುಗ್ಗಿ ಬದುಕಿಕೊಂಡಿತು. ದೊರವಾಯನ ಹಕ್ಕಿ ಈಗ ಅಲ್ಲಿಲ್ಲ. ನೀಲಗಿರಿ ಹೊಸದಾಗಿ ನೆಡಬಾರದು ಅಂತ ನಮ್ಮ ಸರ್ಕಾರವೇ 2017ರಲ್ಲಿ ಆದೇಶ ಮಾಡಿತು, ಆದರೆ ಹೋದ ಹುಲ್ಲು ಆದೇಶದಿಂದ ವಾಪಸ್ ಬರುವುದಿಲ್ಲ. ಇನ್ನೊಂದು ಕಡೆ ನೋಡಿ: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, 2007ರಲ್ಲಿ ಘೋಷಣೆಯಾದದ್ದು, 798 ಎಕರೆ. ಅಲ್ಲಿಯ ಹುಲ್ಲುಗಾವಲು ಉಳಿದಿರುವುದರಿಂದಲೇ ಜಿಂಕೆ ಹಿಂಡು ಉಳಿದಿದೆ. ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಬನ್ನಿ, ಮರವಿಲ್ಲದ ನೆಲ ಬರಿದಲ್ಲ ಅನ್ನುವುದು ನನ್ನ ಮಾತಿಗಿಂತ ಚೆನ್ನಾಗಿ ಕಣ್ಣಿಗೆ ಕಾಣುತ್ತದೆ.

ಅಮೃತ ಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲುಗಳ, ಅಂದರೆ ಹುಲ್ಲುಗಾವಲುಗಳ ಕಥೆ ನಿಮಗೆ ಗೊತ್ತಿರುತ್ತದೆ. ಮೈಸೂರಿನ ಒಡೆಯರ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ, ಆಮೇಲೆ ಹೈದರಾಲಿ, ಟಿಪ್ಪು, ಎಲ್ಲರೂ ಈ ಹುಲ್ಲುಗಾವಲುಗಳನ್ನು ದನಕ್ಕೆಂದೇ ಕಾಪಾಡಿಕೊಂಡು ಬಂದರು. ಅವರ ಕಾಗದದಲ್ಲಿ ಈ ನೆಲ ಪಾಳಾಗಿರಲಿಲ್ಲ, ಸೈನ್ಯದ ಗಾಡಿ ಎಳೆಯುವ ಎತ್ತು ಹುಟ್ಟುವ ಜಾಗವಾಗಿತ್ತು. ನಮ್ಮ ಕಾಲದಲ್ಲಿ ಕುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ವಿಜ್ಞಾನದ, ರಕ್ಷಣೆಯ ಸಂಸ್ಥೆಗಳಿಗೆ ಹೋಯಿತು. ಉಳಿದಿರುವುದು ಊರೂರಿನ ಚೂರುಪಾರು ಗೋಮಾಳ. ಅದನ್ನೂ ಪರಿಸರದ ಹೆಸರಿನಲ್ಲೇ ಅಗೆದರೆ ನನಗೆ ನೋಡಲಾಗುವುದಿಲ್ಲ.

ಹಟ್ಟಿ_ಹುಡುಗ

ನಮ್ದು ಕುರಿ ಕಾಯೋ ಮನೆತನ, ಇದರ ಬಗ್ಗೆ ನಾನೊಂದು ಮಾತು ಹೇಳ್ತೀನಿ. ಕುರಿ ತುಳಿದು ಗೂಡು ಹಾಳಾಗುತ್ತೆ ಅಂತ ಸಭೇಲಿ ಯಾರಾದ್ರೂ ಹೇಳಬಹುದು, ಅದಕ್ಕೆ ಮೊದಲೇ ರೆಡಿ ಇರಿ ಅಕ್ಕ. ಒಂದೊಂದು ತುಳಿತವೆ, ಇಲ್ಲ ಅನ್ನಲ್ಲ. ಆದ್ರೆ ಮಂದೆ ಹೋಗುವಾಗ ಹಕ್ಕಿ ಕಾಲಡಿಯಿಂದ ಬುರ್ ಅಂತ ಎದ್ದರೆ ಮುಂದಿನ ಕುರಿ ಬೆಚ್ಚಿ ಪಕ್ಕಕ್ಕೆ ಹೊರಳುತ್ತೆ, ಹಿಂದಿನವು ಅದರ ಹಿಂದೇನೇ ಹೋಗ್ತವೆ. ನಮ್ಮಪ್ಪ ಅಂಥ ಕಡೆ ಕೋಲು ಅಡ್ಡ ಹಿಡಿದು ಮಂದೆ ತಿರುಗಿಸೋದು ನಾನು ಚಿಕ್ಕಂದಿನಿಂದ ನೋಡಿದೀನಿ. ಮೊಟ್ಟೆ ತುಳಿಸಿದರೆ ಒಳ್ಳೇದಾಗಲ್ಲ ಅನ್ನೋದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು.

ಇನ್ನೊಂದು. ಮಳೆ ಬಂದು ನೆಲ ಹಸಿ ಇದ್ದಾಗ ದನ ನಡೆದ ಗೊರಸಿನ ಗುಳಿ ಒಣಗಿ ಗಟ್ಟಿಯಾಗುತ್ತಲ್ಲ, ಅದರಲ್ಲೇ ಎಷ್ಟೋ ಸಲ ಈ ಹಕ್ಕಿ ಗೂಡು ಮಾಡಿರುತ್ತೆ. ಕುರಿ ಮೇಯದೇ ಹುಲ್ಲು ಎದೆಮಟ್ಟ ಬೆಳೆದ ಬೇಲಿಯೊಳಗಿನ ಜಾಗದಲ್ಲಿ ನೋಡಿ, ಅಲ್ಲಿ ಇದು ಇರಲ್ಲ. ಓಡಾಡೋಕೆ ನೆಲ ಕಾಣಬೇಕು ಇದಕ್ಕೆ. ಮಂದೆ ಮೇದು ಬಿಟ್ಟ ಜಾಗದಲ್ಲಿ ಸಾಯಂಕಾಲ ಜೋಡಿ ಜೋಡಿ ಇಳೀತವೆ, ಚಳಿಗಾಲದಲ್ಲಂತೂ ದೊಡ್ಡ ಗುಂಪು. ದೂಳಲ್ಲಿ ಹೊರಳಾಡೋದು ನೋಡಬೇಕು ನೀವು.

ನಿಜವಾಗಿ ಕಾಟ ಇರೋದು ನಾಯಿಗಳದ್ದು. ಊರ ಹೊರಗೆ ಕೋಳಿ ತ್ಯಾಜ್ಯ ಎಸೆದು ಎಸೆದು ನಾಯಿ ಹಿಂಡು ಬಯಲಿಗೆ ಬಿದ್ದಿವೆ. ಮೊಲ, ಗೌಜಲಕ್ಕಿ ಮೊಟ್ಟೆ, ಏನೂ ಬಿಡಲ್ಲ. ಪಂಚಾಯ್ತಿಯವರು ಏನಾದರೂ ಮಾಡೋದಿದ್ದರೆ ಆ ಕಸ ನಿಲ್ಲಿಸಿ ಅಕ್ಕ. ಮತ್ತೆ ಬಳ್ಳಾರಿ ಜಾಲಿ ಎದ್ದಿದ್ದರೆ ಗುಂಡಿ ತೋಡೋ ಬದಲು ಅದೇ ಕೂಲಿಯಲ್ಲಿ ಬುಡಸಮೇತ ಅದನ್ನ ಕೀಳಿಸಿ. ಕುರಿಗೂ ಮೇವಾಗುತ್ತೆ, ಹಕ್ಕಿಗೂ ಜಾಗ.

ಶೇಂಗಾ_ಹೊಲ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಹಟ್ಟಿಯ ತಮ್ಮಾ, ಬಳ್ಳಾರಿ ಜಾಲಿಯ ಮಾತು ನನ್ನ ತಲೆಗೆ ಬಂದಿರಲಿಲ್ಲ. ಗೋಮಾಳದ ಬಡಗಣ ಮೂಲೆಯಲ್ಲಿ ಹಬ್ಬಿಕೊಂಡಿದೆ. ಕೂಲಿ ಕೆಲಸ ನಿಲ್ಲುವುದಿಲ್ಲ ಅನ್ನುವುದು ಗೊತ್ತಾದರೆ ಅರ್ಧ ಸಭೆ ನನ್ನ ಕಡೆ ಬರುತ್ತದೆ, ಏಕೆಂದರೆ ಗುಂಡಿಯ ಮೇಲೆ ಅವರಿಗಿರುವ ಆಸೆ ಸಸಿಗಾಗಿ ಅಲ್ಲ, ಬೇಸಿಗೆಯ ಕೂಲಿಗಾಗಿ. ಅದು ನ್ಯಾಯವೇ.

ಹಿರಿಯರೇ, ಸೋಮವಾರ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಗೋಮಾಳಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ದಾರಿ ಪಕ್ಕದ ಗೂಡಿಗೆ ಸುತ್ತ ಮುಳ್ಳು ಹಾಕಲೇ? ಮತ್ತೆ ಕಾಗದದ ಮೇಲೆ ತೋರಿಸಲು ಏನಿದೆ? "ಹಕ್ಕಿ ಇದೆ" ಅನ್ನುವುದರ ಜೊತೆಗೆ ಕಾನೂನಿನದ್ದು ಏನಾದರೂ ಇದ್ದರೆ ಮಾತಿಗೆ ತೂಕ ಬರುತ್ತದೆ.

ಹಗರಿ_ದಂಡೆ

ಮುಳ್ಳು ಹಾಕಬೇಡಿ ತಾಯಿ. ಬಯಲಿನಲ್ಲಿ ಹೊಸದಾಗಿ ಎದ್ದು ಕಾಣುವ ಯಾವುದನ್ನೂ ಕಾಗೆ ಬಿಡುವುದಿಲ್ಲ, ಬಂದು ನೋಡುತ್ತದೆ. ಬಾವುಟ ನೆಡುವುದು, ಸುಣ್ಣ ಬಳಿಯುವುದು ಏನೂ ಬೇಡ. ಕಾಲುದಾರಿಯನ್ನೇ ಹತ್ತು ಹೆಜ್ಜೆ ಆಚೆಗೆ ಸರಿಸಿ. ಮೊದಲು ನೀವು, ನಿಮ್ಮ ಮನೆಯವರು ಆಚೆ ಕಡೆಯಿಂದ ನಡೆದರೆ ಸಾಕು, ಉಳಿದವರೂ ಅದೇ ಹೆಜ್ಜೆ ಹಿಡಿಯುತ್ತಾರೆ. ಗೂಡು ಎಲ್ಲಿದೆ ಅನ್ನುವುದನ್ನು ಹತ್ತಿರದ ಯಾವುದಾದರೂ ತಂಗಡಿ ಗಿಡದ ಗುರುತಿನಿಂದ ನೆನಪಿಟ್ಟುಕೊಳ್ಳಿ.

ಕಾಗದದ ವಿಷಯ. ಕರ್ನಾಟಕ ಭೂಕಂದಾಯ ನಿಯಮಗಳು 1966, ಅದರ 97ನೇ ನಿಯಮ. ಊರಿನ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಉಚಿತ ಗೋಮಾಳ ಇರಬೇಕು ಅನ್ನುತ್ತದೆ. ನಿಮ್ಮೂರಿನ ಜಾನುವಾರು ಗಣತಿಯ ಲೆಕ್ಕ ಹತ್ತಿರದ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ, ಪಂಚಾಯ್ತಿ ಸದಸ್ಯೆ ಅಂತ ಲಿಖಿತವಾಗಿ ಕೇಳಿ. ಗೋಮಾಳದ ಪಹಣಿ ತೆಗೆಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಊರುಗಳಲ್ಲಿ ಗೋಮಾಳ ಇರಬೇಕಾದ್ದಕ್ಕಿಂತ ಕಮ್ಮಿಯೇ ಇರುತ್ತದೆ. ಪಹಣಿಯಲ್ಲಿ ಗೋಮಾಳ ಎಂದಿರುವ ಜಾಗಕ್ಕೆ ಕ್ರಿಯಾಯೋಜನೆಯಲ್ಲಿ "ಪಾಳು ಭೂಮಿ" ಎಂದು ಹೇಗೆ ಬರೆದರು ಅಂತ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಮ್ಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲಾತಿ ಪುಸ್ತಕವೂ ಇರಬೇಕು. ಅದನ್ನು ತರಿಸಿ, ಗೋಮಾಳದ ಪುಟ ತೆಗೆಸಿ, ನೆಲಗುಬ್ಬಿಯ ಹೆಸರು, ಗೂಡು ಕಂಡ ತಿಂಗಳು, ಹಟ್ಟಿಯವರು ಹೇಳುವ ಹುಲ್ಲುಗಳ ಹೆಸರು ಬರೆಸಿ. ಒಮ್ಮೆ ಪಂಚಾಯ್ತಿಯ ಪುಸ್ತಕದಲ್ಲೇ ಬಂದ ಮೇಲೆ ಮುಂದಿನ ವರ್ಷ ಬೇರೆ ಪ್ರಸ್ತಾವ ಬಂದಾಗಲೂ ಅದು ನಿಲ್ಲುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿಗಳ ಮೊಟ್ಟೆ, ಗೂಡು ಹಾಳುಮಾಡುವುದೂ ಅಪರಾಧವೇ. ಆದರೆ ಅದನ್ನು ಮೊದಲ ಮಾತಾಗಿ ಎತ್ತಬೇಡಿ. ಕೇಸಿನ ಮಾತು ಬಂದರೆ ಜನ ಹಕ್ಕಿಯ ಮೇಲೆ ಕೋಪ ಮಾಡಿಕೊಳ್ಳುತ್ತಾರೆ.

ಪಿಡಿಒ ಅವರನ್ನು ಬಿಸಿಲೇರಿದ ಮೇಲೆ ಕರೆದೊಯ್ದರೆ ಏನೂ ಕಾಣುವುದಿಲ್ಲ, ಎಲ್ಲ ಗಿಡದ ಬುಡ ಸೇರಿರುತ್ತವೆ. ಏಳು ಗಂಟೆಯೊಳಗೆ ಅಲ್ಲಿರಿ. ಗೂಡಿನಿಂದ ದೂರ, ಗಾಳಿ ಎದುರಿಗೆ ಬರುವ ಕಡೆ ನಿಂತು ಸುಮ್ಮನಿರಿ, ಗಂಡು ಮೇಲೇಳುತ್ತದೆ. ನಿಮ್ಮ ಮಗಳನ್ನೂ ಕರೆದುಕೊಂಡು ಹೋಗಿ, ಅವಳಿಗೆ ಅದು ಏಳುವ ಜಾಗ ಗೊತ್ತಿರುತ್ತದೆ. ಹಟ್ಟಿಯ ಹಿರಿಯರೊಬ್ಬರು ಜೊತೆಗಿರಲಿ, ಎಷ್ಟು ಮಂದೆ ಅಲ್ಲಿ ಮೇಯುತ್ತವೆ ಅನ್ನುವುದನ್ನು ಅವರ ಬಾಯಿಂದಲೇ ಹೇಳಿಸಿ. ಆಮೇಲೆ ಬಳ್ಳಾರಿ ಜಾಲಿಯ ಮೂಲೆಗೆ ನಡೆಸಿಕೊಂಡು ಹೋಗಿ, ಕೆಲಸ ಇಲ್ಲಿದೆ ಅಂತ ತೋರಿಸಿ. ಸಸಿಗಳು ಆಗಲೇ ಮಂಜೂರಾಗಿದ್ದರೆ ಅವು ಹಾಳಾಗಬಾರದು, ಕೆರೆ ಏರಿಯ ಕೆಳಗೂ ಶಾಲೆಯ ಕಾಂಪೌಂಡಿನ ಉದ್ದಕ್ಕೂ ಎಷ್ಟು ಹಿಡಿಯುತ್ತವೆ ಅಂತ ಮೊದಲೇ ಅಳೆದು, ಲೆಕ್ಕ ಬರೆದುಕೊಂಡು ಹೋಗಿ.